ಪ್ರಮಾಣಪತ್ರದ ಮುಂದಿನ ದಾರಿ ಯಾವುದು?

ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಫಲಿತಾಂಶಗಳು ಹೊರಬೀಳುವ ದಿನಗಳಲ್ಲಿ ನಮ್ಮ ಪಟ್ಟಣಗಳಲ್ಲಿ ಒಂದು ದೃಶ್ಯ ಸಾಮಾನ್ಯವಾಗಿರುತ್ತದೆ. ಸಂಘ-ಸಂಸ್ಥೆಗಳು ಅತ್ಯಧಿಕ ಅಂಕ ಗಳಿಸಿದ ಮಕ್ಕಳನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತವೆ, ಸ್ಮರಣಿಕೆ ನೀಡುತ್ತವೆ. ಮುಖಂಡರು ಶಿಕ್ಷಣದ ಮಹತ್ವದ ಕುರಿತು ಭಾಷಣ ಮಾಡುತ್ತಾರೆ. ಮರುದಿನ ಪತ್ರಿಕೆಗಳಲ್ಲಿ ಭಾವಚಿತ್ರ ಪ್ರಕಟವಾಗುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಪ್ರತಿಭೆಯನ್ನು ಗೌರವಿಸದ ಸಮಾಜ ಬೆಳೆಯದು. ಆದರೆ ಆ ವೇದಿಕೆಯ ಕೆಳಗೆ ಕುಳಿತು ಚಪ್ಪಾಳೆ ತಟ್ಟಿದ, ಐವತ್ತು-ಅರುವತ್ತು ಶೇಕಡಾ ಅಂಕ ಪಡೆದ ಬಹುಸಂಖ್ಯೆಯ ಮಕ್ಕಳ ಮುಂದಿನ ವಾರ ಹೇಗಿರುತ್ತದೆಂದು ನಾವು ವಿಚಾರಿಸಿದ್ದೇವೆಯೇ? ಅವರ ಭವಿಷ್ಯ ನಿರ್ಧಾರವಾಗುವುದು ಗೆಳೆಯ ಯಾವ ಕಾಲೇಜಿಗೆ ಸೇರಿದ ಎಂಬುದರ ಮೇಲೆ, ಮನೆಗೆ ಯಾವ ಕಾಲೇಜು ಹತ್ತಿರ ಎಂಬುದರ ಮೇಲೆ, ಇಲ್ಲವೇ ಮಾವನ ಅಂಗಡಿಯಲ್ಲಿ ಸಹಾಯಕ್ಕೆ ಒಬ್ಬರು ಬೇಕಾಗಿದ್ದಾರೆ ಎಂಬುದರ ಮೇಲೆ.

ನಮ್ಮಲ್ಲಿ ಪ್ರಮಾಣಪತ್ರವನ್ನು ಫಲವೆಂದು ಭಾವಿಸುವವರೇ ಹೆಚ್ಚು. ಹತ್ತನೇ ತರಗತಿ ಆಯಿತು, ಪಿಯುಸಿ ಆಯಿತು, ಡಿಗ್ರಿ ಆಯಿತು ಎಂದು ಲೆಕ್ಕ ಹಾಕುತ್ತೇವೆ. ನಿಜವಾಗಿ ಪ್ರಮಾಣಪತ್ರವೆಂಬುದು ಬೀಗದ ಕೈ. ಅದು ಯಾವ ಬಾಗಿಲನ್ನು ತೆರೆಯುತ್ತದೆ, ಯಾವ ಬಾಗಿಲಿಗೆ ಹೊಂದುವುದಿಲ್ಲ ಎಂಬುದನ್ನು ತಿಳಿಯದೆ ಕೈಯಲ್ಲಿ ಹಿಡಿದು ನಿಂತರೆ ಪ್ರಯೋಜನವಿಲ್ಲ. ನಮ್ಮ ಮಕ್ಕಳ ಪೈಕಿ ಎಷ್ಟೋ ಮಂದಿ ಸೋತಿರುವುದು ಬುದ್ಧಿಯ ಕೊರತೆಯಿಂದಲ್ಲ, ಮುಂದೆ ದಾರಿ ಇದೆಯೆಂದು ಹೇಳುವವರಿಲ್ಲದೆ.

2006ರಲ್ಲಿ ಸಾಚಾರ್ ಸಮಿತಿಯು ವರದಿ ಸಲ್ಲಿಸಿದಾಗ, ದೇಶದ ಪ್ರತಿಷ್ಠಿತ ಕಾಲೇಜುಗಳ ಪದವಿ ತರಗತಿಗಳಲ್ಲಿ 25 ವಿದ್ಯಾರ್ಥಿಗಳಿಗೆ ಒಬ್ಬ ಮತ್ತು ಸ್ನಾತಕೋತ್ತರ ತರಗತಿಗಳಲ್ಲಿ 50 ವಿದ್ಯಾರ್ಥಿಗಳಿಗೆ ಒಬ್ಬ ಮಾತ್ರ ಮುಸ್ಲಿಮ್ ಎಂಬ ಸಂಗತಿ ಬಹಿರಂಗವಾಯಿತು. ಅದರ ನಂತರ ಎಷ್ಟೋ ವಿಚಾರ ಸಂಕಿರಣಗಳು ನಡೆದವು. ಆದರೆ ಕೇಂದ್ರ ಸರಕಾರದ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2020-21ರಲ್ಲಿ ಉನ್ನತ ಶಿಕ್ಷಣ ಪಡೆಯುತ್ತಿದ್ದವರಲ್ಲಿ ಮುಸ್ಲಿಮರ ಪಾಲು ಸುಮಾರು ಶೇ. 4.6 ಮಾತ್ರ. 2011ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ನಮ್ಮ ಪಾಲು ಶೇ. 14.2. ಆ ಒಂದೇ ವರ್ಷದಲ್ಲಿ ಹಿಂದಿನ ವರ್ಷಕ್ಕಿಂತ ಸುಮಾರು 1.79 ಲಕ್ಷ ಮುಸ್ಲಿಮ್ ವಿದ್ಯಾರ್ಥಿಗಳು ಕಡಿಮೆಯಾಗಿದ್ದರು. ಮರುವರ್ಷ ಸಂಖ್ಯೆ ಚೇತರಿಸಿಕೊಂಡಿತಾದರೂ, ಮೊದಲ ಗಾಳಿಗೇ ಉದುರುವ ಎಲೆಗಳು ನಮ್ಮ ಮರದಲ್ಲೇ ಹೆಚ್ಚು ಎಂಬುದನ್ನು ಕೊರೋನಾ ವರ್ಷ ತೋರಿಸಿಕೊಟ್ಟಿತು.

ಮೊದಲ ಕವಲು ಹತ್ತನೇ ತರಗತಿಯ ನಂತರ ಬರುತ್ತದೆ. ಪಿಯುಸಿಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಎಂಬ ಮೂರು ವಿಭಾಗಗಳಿವೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ವಿಜ್ಞಾನದ ಒಳಗೆ ಯಾವ ವಿಷಯಗಳನ್ನು ಆರಿಸುತ್ತೇವೆಂಬುದು ಮುಂದಿನ ಹಲವು ಬಾಗಿಲುಗಳನ್ನು ತೆರೆಯುತ್ತದೆ ಅಥವಾ ಮುಚ್ಚುತ್ತದೆ ಎಂಬುದು ಎಷ್ಟು ಹೆತ್ತವರಿಗೆ ಗೊತ್ತಿದೆ? ಗಣಿತ ಕಷ್ಟವೆಂದು ಬಿಟ್ಟ ಹುಡುಗ ಪಿಯುಸಿಯ ಮೂಲಕ ಇಂಜಿನಿಯರಿಂಗ್ ಸೇರಲಾರ. ಜೀವಶಾಸ್ತ್ರವಿಲ್ಲದ ಹುಡುಗಿಗೆ ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯಿಂದ ಉಪಯೋಗವಿಲ್ಲ. ಅದೇ ರೀತಿ, ಅಂಕ ಕಡಿಮೆಯಾಯಿತೆಂದು ಇರುವ ಬಾಗಿಲನ್ನೂ ತಟ್ಟದೆ ಹಿಂದಿರುಗುವವರೂ ಇದ್ದಾರೆ. ಸಿಇಟಿ ಮೂಲಕ ಇಂಜಿನಿಯರಿಂಗ್‌ಗೆ ಸೇರಲು ಸಾಮಾನ್ಯ ವರ್ಗದವರಿಗೆ ನಿಗದಿತ ವಿಷಯಗಳಲ್ಲಿ ಶೇ. 45 ಅಂಕ ಬೇಕಾದರೆ, ಪ್ರವರ್ಗ 1 ಮತ್ತು 2ಬಿ ಸೇರಿದಂತೆ ಮೀಸಲಾತಿ ವರ್ಗಗಳಿಗೆ ಶೇ. 40 ಸಾಕು. ಶೇ. 42 ಅಂಕ ಪಡೆದ ಮಗನನ್ನು ಅನರ್ಹನೆಂದು ಭಾವಿಸಿ ಅಂಗಡಿಯಲ್ಲಿ ಕೂರಿಸಿದರೆ ಅದು ಯಾರ ತಪ್ಪು?

ಕಲಾ ವಿಭಾಗದ ಬಗ್ಗೆ ನಮ್ಮಲ್ಲಿರುವ ತಾತ್ಸಾರವೂ ಅಜ್ಞಾನದ ಫಲವೇ. ಪಿಯುಸಿಯಲ್ಲಿ ಕಲೆ ಓದಿದವರು ಐದು ವರ್ಷದ ಕಾನೂನು ಪದವಿಗೆ ನೇರವಾಗಿ ಸೇರಬಹುದು. ಬಿ.ಎ. ಮುಗಿಸಿದವರು ಮೂರು ವರ್ಷದಲ್ಲಿ ವಕೀಲರಾಗಬಹುದು. ಯುಪಿಎಸ್ಸಿಯ ನಾಗರಿಕ ಸೇವಾ ಪರೀಕ್ಷೆ ಬರೆಯಲು ಯಾವ ಪದವಿಯಾದರೂ ಸರಿ. ನಮ್ಮ ಮೇಲೆ ಹೂಡಲಾಗುವ ಮೊಕದ್ದಮೆಗಳಿಗೆ ವಕೀಲರನ್ನು ಹುಡುಕಿ ಊರೂರು ಅಲೆಯುವ ನಾವು, ಕಾನೂನು ಓದಬಲ್ಲ ಮಕ್ಕಳಿಗೆ 'ಕಲೆಯಲ್ಲಿ ಭವಿಷ್ಯವಿಲ್ಲ' ಎಂದು ಹೇಳುತ್ತಿರುವುದು ವಿಪರ್ಯಾಸವಲ್ಲವೇ? ವಾಣಿಜ್ಯ ಓದಿದವರಿಗೂ ಬಿ.ಕಾಂ. ಒಂದೇ ದಾರಿಯಲ್ಲ. ಪಿಯುಸಿ ಮುಗಿದೊಡನೆ ಸಿ.ಎ. ಫೌಂಡೇಶನ್ ಪರೀಕ್ಷೆ ಬರೆಯಬಹುದು. ಬಿ.ಕಾಂ.ನಲ್ಲಿ ಶೇ. 55 ಅಂಕ ಪಡೆದವರು ಆ ಪರೀಕ್ಷೆಯಿಲ್ಲದೆಯೇ ನೇರವಾಗಿ ಮುಂದಿನ ಹಂತಕ್ಕೆ ನೋಂದಾಯಿಸಿಕೊಳ್ಳಬಹುದು. ತಲೆಮಾರುಗಳಿಂದ ವ್ಯಾಪಾರ ಮಾಡಿಕೊಂಡು ಬಂದ ಕುಟುಂಬಗಳಲ್ಲಿ ಲೆಕ್ಕಪರಿಶೋಧಕರು ಇಷ್ಟು ಕಡಿಮೆ ಇರುವುದೇಕೆಂದು ನಾವು ಚಿಂತಿಸಬೇಕಾಗಿದೆ.

ಅತ್ಯಂತ ಹೆಚ್ಚಿನ ತಪ್ಪು ತಿಳುವಳಿಕೆ ಇರುವುದು ಐಟಿಐ ಮತ್ತು ಡಿಪ್ಲೊಮಾದ ಬಗ್ಗೆ. 'ಓದಲು ಬಾರದವನು ಐಟಿಐಗೆ ಹೋಗಲಿ' ಎಂಬುದು ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು. ಆ ಮಾತನ್ನು ಕೇಳಿ ಬೆಳೆದ ಹುಡುಗ ತನ್ನ ಓದು ಅಲ್ಲಿಗೆ ಮುಗಿಯಿತೆಂದೇ ನಂಬುತ್ತಾನೆ. ವಾಸ್ತವ ಬೇರೆಯೇ ಇದೆ. ಎಸ್ಸೆಸ್ಸೆಲ್ಸಿಯ ನಂತರ ಎರಡು ವರ್ಷದ ಐಟಿಐ ಮುಗಿಸಿದವರು ಅರ್ಹತೆಯಿದ್ದರೆ ಪಾಲಿಟೆಕ್ನಿಕ್‌ನ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ಪ್ರವೇಶ ಪಡೆಯಬಹುದು. ಪಿಯುಸಿ ವಿಜ್ಞಾನ ಓದಿ ಇಂಜಿನಿಯರಿಂಗ್ ಸೀಟು ಸಿಗದವರಿಗೂ ಡಿಪ್ಲೊಮಾದ ಎರಡನೇ ವರ್ಷದ ಬಾಗಿಲು ತೆರೆದಿದೆ.

ವರ್ಷಗಳ ಲೆಕ್ಕ ಹಾಕಿ ನೋಡೋಣ. ಪಿಯುಸಿ ಎರಡು ವರ್ಷ, ಬಿ.ಇ. ನಾಲ್ಕು ವರ್ಷ, ಒಟ್ಟು ಆರು. ಡಿಪ್ಲೊಮಾ ಮೂರು ವರ್ಷ, ನಂತರ ಬಿ.ಇ. ಮೂರು ವರ್ಷ, ಅದೂ ಆರು. ಐಟಿಐ ಎರಡು, ಡಿಪ್ಲೊಮಾ ಎರಡು, ಬಿ.ಇ. ಮೂರು, ಒಟ್ಟು ಏಳು. ಅಂದರೆ ನಾವು 'ಮುಗಿದುಹೋದ ದಾರಿ' ಎಂದು ತಿಳಿದ ದಾರಿಗೂ 'ದೊಡ್ಡ ದಾರಿ'ಗೂ ಇರುವ ಅಂತರ ಒಂದೇ ಒಂದು ವರ್ಷ! ಅಷ್ಟೇ ಅಲ್ಲ, ಐಟಿಐ ದಾರಿಯಲ್ಲಿ ಬಂದವನು ಎರಡನೇ ವರ್ಷದ ಕೊನೆಗೇ ಒಂದು ಕಸುಬನ್ನು ಕೈಯಲ್ಲಿ ಹಿಡಿದಿರುತ್ತಾನೆ. ತಂದೆಯ ಆರೋಗ್ಯ ಕೆಟ್ಟರೆ, ಮನೆಯ ಸ್ಥಿತಿ ಬಿಗಡಾಯಿಸಿದರೆ ಓದು ನಿಲ್ಲಿಸಿ ದುಡಿಯಬಲ್ಲ, ಅನುಕೂಲವಾದಾಗ ಮತ್ತೆ ಏಣಿ ಹತ್ತಬಲ್ಲ. ಬಡ ಕುಟುಂಬಕ್ಕೆ ಇದಕ್ಕಿಂತ ಸುರಕ್ಷಿತ ದಾರಿ ಯಾವುದಿದೆ? 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಗಳಲ್ಲಿ ಭತ್ಯೆ ಸಹಿತ ತರಬೇತಿ ಪಡೆಯುವ ಅವಕಾಶವೂ ಇದೆ. ಗ್ಯಾರೇಜಿನಲ್ಲಿ ಹತ್ತು ವರ್ಷ ದುಡಿದು ಯಂತ್ರದ ಎಲ್ಲ ಮರ್ಮವನ್ನು ಬಲ್ಲ ಯುವಕನಿಗೆ ಪ್ರಮಾಣಪತ್ರವಿಲ್ಲ ಎಂಬ ಕಾರಣಕ್ಕೆ ಊರಿನಲ್ಲೂ ಗಲ್ಫಿನಲ್ಲೂ ಕಡಿಮೆ ಸಂಬಳ ಸಿಗುವುದನ್ನು ನಾವು ಕಣ್ಣಾರೆ ಕಾಣುತ್ತಿದ್ದೇವೆ.

ಈ ಏಣಿ ಸಲೀಸೆಂದು ಹೇಳುತ್ತಿಲ್ಲ. ಐಟಿಐಯಿಂದ ಡಿಪ್ಲೊಮಾಕ್ಕೆ, ಡಿಪ್ಲೊಮಾದಿಂದ ಬಿ.ಇ.ಗೆ ಹೋಗುವ ವಿದ್ಯಾರ್ಥಿಗಳು ಎಡವುವುದು ಗಣಿತದಲ್ಲಿ. ಪಿಯುಸಿಯಲ್ಲಿ ಎರಡು ವರ್ಷ ಗಣಿತ ಓದಿದವರೊಂದಿಗೆ ಅವರು ಒಂದೇ ತರಗತಿಯಲ್ಲಿ ಕೂರಬೇಕಾಗುತ್ತದೆ. ಆದ್ದರಿಂದ ಈ ದಾರಿ ಹಿಡಿಯುವವರು ಮೊದಲ ದಿನದಿಂದಲೇ ಗಣಿತವನ್ನು ಜೊತೆಗಿಟ್ಟುಕೊಳ್ಳಬೇಕು. ಪಟ್ಟಣದ ಒಬ್ಬ ಗಣಿತ ಶಿಕ್ಷಕರು ವಾರಕ್ಕೆ ಎರಡು ಸಂಜೆ ಬಿಡುವು ಮಾಡಿಕೊಂಡರೆ ಹತ್ತಾರು ಮಕ್ಕಳು ಈ ಸೇತುವೆ ದಾಟಬಲ್ಲರು. ಸನ್ಮಾನ ಸಮಾರಂಭದ ಪೆಂಡಾಲಿಗೆ ತಗಲುವ ಖರ್ಚೂ ಇದಕ್ಕೆ ಬೇಕಾಗದು.

ಇನ್ನು ಹೆಣ್ಣುಮಕ್ಕಳ ವಿಷಯ. ಪರೀಕ್ಷಾ ಫಲಿತಾಂಶಗಳಲ್ಲಿ ನಮ್ಮ ಹುಡುಗಿಯರು ಹುಡುಗರಿಗಿಂತ ಮುಂದಿರುವುದನ್ನು ಕಂಡು ಹೆಮ್ಮೆಪಡುತ್ತೇವೆ. ಆದರೆ ಪಿಯುಸಿ ಮುಗಿದೊಡನೆ ಅವರ ಮುಂದೆ ಓದಿನ ದಾರಿಗಳಿಗಿಂತ ಮದುವೆಯ ಪ್ರಸ್ತಾಪಗಳೇ ಹೆಚ್ಚಾಗಿ ಬರುತ್ತವೆ. ಶಿಕ್ಷಕಿಯಾಗಬೇಕೆಂಬ ಆಸೆಯುಳ್ಳವರಿಗೂ ಸರಿಯಾದ ಮಾಹಿತಿ ಸಿಗುವುದಿಲ್ಲ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಲು ಪಿಯುಸಿಯ ನಂತರ ಎರಡು ವರ್ಷದ ಡಿ.ಎಲ್.ಎಡ್. ಇದೆ. ಪ್ರೌಢಶಾಲೆಯಲ್ಲಿ ಕಲಿಸಲು ಪದವಿಯ ಜೊತೆ ಬಿ.ಎಡ್. ಬೇಕು. ಒಂದರಿಂದ ಐದನೇ ತರಗತಿವರೆಗೆ ಕಲಿಸಲು ಬಿ.ಎಡ್. ಅರ್ಹತೆಯಲ್ಲವೆಂದು ಸುಪ್ರೀಮ್ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪು ನೀಡಿತು. ಅಂದರೆ ಐದು ವರ್ಷ ಓದಿ ಬಿ.ಎಡ್. ಪಡೆದವಳು ಯಾವ ಹುದ್ದೆಗೆ ಅರ್ಜಿ ಹಾಕಲಾರಳೋ, ಎರಡು ವರ್ಷದ ಡಿ.ಎಲ್.ಎಡ್. ಪಡೆದವಳು ಟಿಇಟಿ ತೇರ್ಗಡೆಯಾದರೆ ಅದಕ್ಕೆ ಅರ್ಹಳು. ಪ್ರವೇಶಕ್ಕೆ ಮೊದಲೇ ಇದನ್ನು ತಿಳಿಸುವವರು ಬೇಕಲ್ಲವೇ? ಶುಶ್ರೂಷೆಯ ಕ್ಷೇತ್ರದಲ್ಲೂ ಹಾಗೆಯೇ. ಮೂರು ವರ್ಷದ ಜಿಎನ್‌ಎಂ ಮುಗಿಸಿದವರು ಅಲ್ಲೇ ನಿಲ್ಲಬೇಕಾಗಿಲ್ಲ. ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿ ಪದವೀಧರೆಯಾಗಿ, ಎಂ.ಎಸ್ಸಿ. ಮಾಡಿ ಬೋಧಕಿಯಾಗಬಹುದು.

2022ರಲ್ಲಿ ಹಿಜಾಬ್ ವಿವಾದ ಭುಗಿಲೆದ್ದಾಗ ನಮ್ಮ ಹಲವು ಹೆಣ್ಣುಮಕ್ಕಳು ಕಾಲೇಜಿನ ಬಾಗಿಲಲ್ಲೇ ನಿಲ್ಲಬೇಕಾಯಿತು. ಪರೀಕ್ಷೆ ತಪ್ಪಿಸಿಕೊಂಡವರಿದ್ದಾರೆ, ಕಾಲೇಜು ಬದಲಿಸಿದವರಿದ್ದಾರೆ, ಓದನ್ನೇ ಬಿಟ್ಟವರೂ ಇದ್ದಾರೆ. ಅಂದು ಅವರ ಹಕ್ಕಿಗಾಗಿ ದನಿಯೆತ್ತಿದ್ದು ಸರಿಯೇ. ಆದರೆ ಓದು ಬಿಟ್ಟ ಆ ಹುಡುಗಿಯರು ಇಂದು ಎಲ್ಲಿದ್ದಾರೆಂಬ ಪಟ್ಟಿ ಯಾವ ಜಮಾಅತ್‌ನ ಬಳಿಯಲ್ಲಿದೆ? ಅವರಿಗೆ ಮರಳುವ ದಾರಿ ಇತ್ತು, ಈಗಲೂ ಇದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಅಂದರೆ ಎನ್‌ಐಒಎಸ್ ಮೂಲಕ ಹತ್ತು ಮತ್ತು ಹನ್ನೆರಡನೇ ತರಗತಿಯ ಪರೀಕ್ಷೆಗಳನ್ನು ಬರೆಯಬಹುದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಮನೆಯಲ್ಲಿದ್ದುಕೊಂಡೇ ಪದವಿ ಪಡೆಯಬಹುದು. ಮದುವೆಯಾದವರಿಗೂ, ತಾಯಂದಿರಿಗೂ ಈ ದಾರಿ ತೆರೆದಿದೆ. ಹೋರಾಟ ಮುಗಿದ ಮೇಲೆ ಗಾಯಾಳುಗಳನ್ನು ವಿಚಾರಿಸದ ಸಮುದಾಯ ಮುಂದಿನ ಹೋರಾಟಕ್ಕೆ ಯಾರನ್ನು ಕರೆದೀತು?

ಮುಕ್ತ ಮತ್ತು ದೂರ ಶಿಕ್ಷಣದ ಬಗ್ಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. 'ಆರು ತಿಂಗಳಲ್ಲಿ ಡಿಗ್ರಿ', 'ಮನೆಯಲ್ಲೇ ಕುಳಿತು ಇಂಜಿನಿಯರ್ ಆಗಿ' ಎಂಬ ಫಲಕಗಳು ನಮ್ಮ ಮೊಹಲ್ಲಾಗಳ ಗೋಡೆಗಳಲ್ಲಿ ಬಹಳ. ದೂರ ಶಿಕ್ಷಣದ ಮೂಲಕ ಪಡೆದ ಇಂಜಿನಿಯರಿಂಗ್ ಪದವಿಗಳ ವಿಷಯದಲ್ಲಿ ಸುಪ್ರೀಮ್ ಕೋರ್ಟ್ 2017ರ ನವೆಂಬರ್‌ನಲ್ಲಿ ಕಠಿಣ ತೀರ್ಪು ನೀಡಿ, ಸಂಬಂಧಿಸಿದ ಡೀಮ್ಡ್ ವಿಶ್ವವಿದ್ಯಾನಿಲಯಗಳ ಪದವಿಗಳಿಗೆ ತಡೆಯೊಡ್ಡಿತು. ಇಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ, ಕಾನೂನು ಮುಂತಾದವುಗಳ ಪದವಿಯನ್ನು ದೂರ ಶಿಕ್ಷಣದ ಮೂಲಕ ನೀಡಲು ಯುಜಿಸಿ ನಿಯಮಗಳಲ್ಲಿ ಅವಕಾಶವಿಲ್ಲ. ಸರಕಾರಿ ಸಂಸ್ಥೆಯಾದ ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯವೇ 2013ರ ನಂತರ ಕೆಲವು ವರ್ಷ ಯುಜಿಸಿಯ ಮಾನ್ಯತೆಯಿಲ್ಲದೆ ಸಂಕಟಕ್ಕೀಡಾಗಿ, 2018ರಲ್ಲಿ ಮಾನ್ಯತೆ ಮರಳಿ ಪಡೆದದ್ದನ್ನು ಮರೆಯಬಾರದು. ನಡುವೆ ಸಿಲುಕಿದವರು ಶುಲ್ಕ ಕಟ್ಟಿ ಓದಿದ ಸಾಮಾನ್ಯ ವಿದ್ಯಾರ್ಥಿಗಳು. ಆದ್ದರಿಂದ ಹಣ ಕಟ್ಟುವ ಮುನ್ನ, ಆ ವರ್ಷಕ್ಕೆ, ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಯುಜಿಸಿ ಪ್ರಕಟಿಸುವ ಪಟ್ಟಿಯಲ್ಲಿ ನೋಡಬೇಕು. ಸಂಸ್ಥೆಯ ಹೆಸರು ದೊಡ್ಡದಾಗಿದ್ದರೆ ಸಾಲದು.

ಮೆಟ್ಟಿಲುಗಳನ್ನು ಹಾರುವುದೂ ಅಪಾಯಕಾರಿ. ಹತ್ತು, ಹನ್ನೆರಡನೇ ತರಗತಿಗಳನ್ನು ಓದದೆ ನೇರವಾಗಿ ಮುಕ್ತ ವಿಶ್ವವಿದ್ಯಾನಿಲಯದಿಂದ ಪದವಿ ಪಡೆದವರನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಕಾನೂನು ತರಗತಿಗೆ ಸೇರಿಸಿಕೊಳ್ಳುವುದಿಲ್ಲ. ಕೊನೆಯ ಮೆಟ್ಟಿಲು ಎಷ್ಟೇ ಗಟ್ಟಿಯಾಗಿದ್ದರೂ ಕೆಳಗಿನ ಮೆಟ್ಟಿಲು ಇಲ್ಲದಿದ್ದರೆ ಏಣಿ ನಿಲ್ಲುವುದಿಲ್ಲ.

ಮದ್ರಸಗಳಲ್ಲಿ ಕಲಿಯುವ ಮಕ್ಕಳಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಆಲಿಮ್, ಫಾಝಿಲ್ ಪದವಿಗಳನ್ನು ಅಲಿಗಢ ಮುಸ್ಲಿಮ್ ವಿಶ್ವವಿದ್ಯಾನಿಲಯ, ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ, ಹೈದರಾಬಾದಿನ ಮೌಲಾನಾ ಆಝಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾನಿಲಯಗಳು ಕೆಲವು ಕೋರ್ಸುಗಳ ಪ್ರವೇಶಕ್ಕೆ ಪರಿಗಣಿಸುತ್ತವೆ. ಆದರೆ ಅವು ಮಾನ್ಯ ಮಾಡಿದ ಮದ್ರಸಗಳ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ಮಗನನ್ನು ಸೇರಿಸುವ ಮುನ್ನ ಆ ಮದ್ರಸ ಪಟ್ಟಿಯಲ್ಲಿದೆಯೇ ಎಂದು ಕೇಳುವ ಹೆತ್ತವರು ಎಷ್ಟಿದ್ದಾರೆ? ಮದ್ರಸದ ಓದಿನ ಜೊತೆಯಲ್ಲೇ ಎನ್‌ಐಒಎಸ್ ಮೂಲಕ ಹತ್ತನೇ ಮತ್ತು ಹನ್ನೆರಡನೇ ತರಗತಿ ಮುಗಿಸಿದರೆ ಪಟ್ಟಿಯ ಚಿಂತೆಯೇ ಇರದು. ಉರ್ದು ಮಾಧ್ಯಮದಲ್ಲಿ ಓದಿದವರಿಗೆ ಉರ್ದು ವಿಶ್ವವಿದ್ಯಾನಿಲಯದ ಪಾಲಿಟೆಕ್ನಿಕ್ ಬೆಂಗಳೂರಿನಲ್ಲೂ, ಶಿಕ್ಷಕರ ತರಬೇತಿ ಕಾಲೇಜು ಬೀದರಿನಲ್ಲೂ ಇವೆ. ನಮ್ಮ ರಾಜ್ಯದಲ್ಲೇ ಇರುವ ಈ ಬಾಗಿಲುಗಳ ಬಗ್ಗೆ ನಮ್ಮಲ್ಲೇ ಎಷ್ಟೋ ಮಂದಿಗೆ ತಿಳಿದಿಲ್ಲ.

'ನಮಗೆ ಕೊರತೆಯಿರುವುದು ಮಾಹಿತಿಯದ್ದಲ್ಲ, ಹಣದ್ದು' ಎಂದು ಕೆಲವರು ಹೇಳಬಹುದು. ಈ ಮಾತಿನಲ್ಲಿ ಸತ್ಯವಿದೆ. ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಒಂದರಿಂದ ಎಂಟನೇ ತರಗತಿವರೆಗಿನ ಅಲ್ಪಸಂಖ್ಯಾತ ಮಕ್ಕಳ ವಿದ್ಯಾರ್ಥಿವೇತನವನ್ನೂ ಅದೇ ವರ್ಷ ಕೈಬಿಟ್ಟಿತು. ಇವುಗಳನ್ನು ಪ್ರಶ್ನಿಸುವುದು ನಮ್ಮ ಕರ್ತವ್ಯ. ಆದರೆ ಇರುವುದನ್ನಾದರೂ ನಾವು ಪೂರ್ತಿ ಬಳಸಿಕೊಳ್ಳುತ್ತಿದ್ದೇವೆಯೇ? 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರಕಾರ ಪ್ರವರ್ಗ 2ಬಿಯ ಶೇ. 4 ಮೀಸಲಾತಿಯನ್ನು ರದ್ದುಪಡಿಸಲು ಹೊರಟಾಗ ವಿಷಯ ಸುಪ್ರೀಮ್ ಕೋರ್ಟಿನವರೆಗೆ ಹೋಯಿತು, ಆದೇಶ ಜಾರಿಗೆ ಬರಲಿಲ್ಲ. ಹೀಗೆ ಉಳಿದುಕೊಂಡ ಮೀಸಲಾತಿಯ ಪ್ರಯೋಜನ ಪಡೆಯಲು ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ಕೌನ್ಸೆಲಿಂಗ್ ಆರಂಭವಾದ ಮೇಲೆ ನಾಡಕಚೇರಿಯ ಬಾಗಿಲಲ್ಲಿ ಸಾಲು ನಿಂತು ಸೀಟು ಕಳೆದುಕೊಳ್ಳುವವರಲ್ಲಿ ನಮ್ಮವರಿಲ್ಲವೇ? ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ. 5 ಸೀಟು ಮೀಸಲಿದೆ. ಬೀದರ್, ಕಲಬುರಗಿ, ರಾಯಚೂರು ಸೇರಿದಂತೆ ಕಲ್ಯಾಣ ಕರ್ನಾಟಕದವರಿಗೆ 371ಜೆ ವಿಧಿಯ ಸವಲತ್ತಿದೆ. ಇವೆಲ್ಲಕ್ಕೂ ಪ್ರತ್ಯೇಕ ಪ್ರಮಾಣಪತ್ರಗಳಿದ್ದು, ಅವುಗಳನ್ನು ಪರೀಕ್ಷೆಗೆ ಮುಂಚೆಯೇ ಸಿದ್ಧಪಡಿಸಿಟ್ಟುಕೊಳ್ಳಬೇಕು. ವೃತ್ತಿಪರ ಕೋರ್ಸುಗಳಿಗೆ ಸೇರಿದವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಯೋಜನೆಯಿದೆ. ಬೀದಿಯಲ್ಲಿ ಕೂಗಿ ಉಳಿಸಿಕೊಂಡದ್ದನ್ನು ಕಚೇರಿಯಲ್ಲಿ ಅರ್ಜಿ ಹಾಕದೆ ಕಳೆದುಕೊಳ್ಳುವುದು ಜಾಣತನವಲ್ಲ.

ನಿಯಮಗಳು ಬದಲಾಗುತ್ತಲೇ ಇರುತ್ತವೆ ಎಂಬುದೂ ನೆನಪಿರಲಿ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. 2024ರಿಂದ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಪರೀಕ್ಷೆಯನ್ನು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಬರೆಯುವ ವ್ಯವಸ್ಥೆ ಬಂತು. ಅನುತ್ತೀರ್ಣನಾದ ಹುಡುಗನ ಒಂದು ವರ್ಷ ಇದರಿಂದ ಉಳಿಯುತ್ತದೆ, ಆದರೆ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ನೋಂದಾಯಿಸಿಕೊಂಡರೆ ಮಾತ್ರ. ಅಣ್ಣನ ಕಾಲದ ನಿಯಮವನ್ನು ನಂಬಿ ತಮ್ಮನನ್ನು ಮನೆಯಲ್ಲಿ ಕೂರಿಸಬಾರದು.

ಬೆಂಗಳೂರಿನಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ 1966ರಲ್ಲಿ ಅಲ್-ಅಮೀನ್ ಸಂಸ್ಥೆಯನ್ನು ಆರಂಭಿಸಿದಾಗ ಸಮುದಾಯಕ್ಕೆ ಬೇಕಾಗಿದ್ದುದು ಶಾಲೆ-ಕಾಲೇಜುಗಳು. ಆ ತಲೆಮಾರು ತನ್ನ ಪಾಲಿನ ಕೆಲಸ ಮಾಡಿತು. ಇಂದು ಪಟ್ಟಣಗಳಲ್ಲಿ ಕಾಲೇಜುಗಳಿಗೆ ಅಷ್ಟು ಬರವಿಲ್ಲ. ಇಲ್ಲದಿರುವುದು ಕಾಲೇಜಿನ ಬಾಗಿಲವರೆಗೆ ಕೈಹಿಡಿದು ಕರೆದೊಯ್ಯುವವರು. ಇದಕ್ಕೆ ಕಟ್ಟಡ ಬೇಕಾಗಿಲ್ಲ, ದೇಣಿಗೆ ಸಂಗ್ರಹವೂ ಬೇಕಾಗಿಲ್ಲ. ಪ್ರತಿಯೊಂದು ಜಮಾಅತ್ ತನ್ನ ವ್ಯಾಪ್ತಿಯ ಶಿಕ್ಷಕರು, ಇಂಜಿನಿಯರರು, ವಕೀಲರಲ್ಲಿ ಇಬ್ಬರನ್ನು, ಅವರಲ್ಲಿ ಒಬ್ಬರು ಮಹಿಳೆಯಾಗಿರುವಂತೆ, ಈ ಕೆಲಸಕ್ಕೆ ಗೊತ್ತುಪಡಿಸಲಿ. ಫಲಿತಾಂಶದ ತಿಂಗಳಲ್ಲಿ ಎರಡು ಶುಕ್ರವಾರ ಜುಮಾ ನಮಾಝಿನ ಬಳಿಕ ಅವರು ಮಸೀದಿಯ ಆವರಣದಲ್ಲಿ ಕುಳಿತು ಹೆತ್ತವರ ಪ್ರಶ್ನೆಗಳಿಗೆ ಉತ್ತರಿಸಲಿ. ಅರ್ಜಿಗಳ ಕೊನೆಯ ದಿನಾಂಕಗಳು ಮಸೀದಿಯ ಫಲಕದಲ್ಲಿರಲಿ.

ಅದಕ್ಕಿಂತಲೂ ಮುಖ್ಯವಾದದ್ದು ಒಂದು ಪುಸ್ತಕ. ಆ ವರ್ಷ ಹತ್ತನೇ ತರಗತಿ ಮತ್ತು ಪಿಯುಸಿ ಬರೆದ ಮೊಹಲ್ಲಾದ ಎಲ್ಲ ಮಕ್ಕಳ ಹೆಸರು ಅದರಲ್ಲಿರಲಿ, ತೇರ್ಗಡೆಯಾದವರು ಮತ್ತು ಆಗದವರು ಇಬ್ಬರದ್ದೂ. ಒಂದು ವರ್ಷದ ಬಳಿಕ ಪ್ರತಿಯೊಂದು ಹೆಸರಿನ ಮುಂದೆ ಆ ಮಗು ಎಲ್ಲಿದೆಯೆಂದು ಬರೆಯಲಿ. ಖಾಲಿ ಉಳಿದ ಹೆಸರುಗಳ ಮನೆ ಬಾಗಿಲಿಗೆ ಹೋಗಿ ವಿಚಾರಿಸಲಿ. ಮುಂದಿನ ವರ್ಷ ಸನ್ಮಾನ ಸಮಾರಂಭ ಏರ್ಪಡಿಸುವಾಗ ಎಷ್ಟು ಮಂದಿಗೆ ಶಾಲು ಹೊದಿಸಿದೆವೆಂದು ಲೆಕ್ಕ ಹಾಕುವ ಮೊದಲು, ಆ ಪುಸ್ತಕದಲ್ಲಿ ಎಷ್ಟು ಹೆಸರುಗಳ ಮುಂದಿನ ಜಾಗ ಖಾಲಿ ಉಳಿದಿದೆಯೆಂದು ನಾವು ನೋಡಿಕೊಳ್ಳೋಣ.